ತಾಯಿಯೊಬ್ಬಳ ಪಾಲಿಗೆ ಬಿಟ್ಟ ಕೆಲಸ



ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಮುಂತಾದ ಹೆಸರುಗಳನ್ನು ಹೊತ್ತ ಮಕ್ಕಳನ್ನು ಬೆಳೆಸುವ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಅಂಥ ಮಕ್ಕಳ ಅಮ್ಮಂದಿರಿಗೆ ನಮ್ಮ ಊರುಗಳಲ್ಲಿ ಉಪದೇಶಕ್ಕೇನೂ ಬರವಿಲ್ಲ. ಗಾಂಧಿ ಬಜಾರಿನ ಅಂಗಡಿಯಲ್ಲಿ, ಭದ್ರಾವತಿಯ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೆಲ್ಲ ಒಂದೊಂದು ಮಾತು ಹೇಳಿಯೇ ಏಳುತ್ತಾರೆ. ಆದ್ದರಿಂದ ಇವತ್ತು ನಾನು ಆ ಅಮ್ಮಂದಿರಿಗೆ ಹೇಳುವುದು ಕಡಿಮೆ. ಪಕ್ಕಕ್ಕೆ ಕೂತವರಿಗೆ, ಅಪ್ಪಂದಿರಿಗೆ, ಅತ್ತೆ ಮಾವಂದಿರಿಗೆ, ಹೆಡ್‌ಮಾಸ್ತರುಗಳಿಗೆ ಹೇಳುವುದು ಹೆಚ್ಚು.

ನಾನು ವೈದ್ಯೆಯಲ್ಲ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳಿದವಳು, ಆಮೇಲೆ ಪೋಷಕರ ಸಭೆಗಳ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡವಳು. ಹೀಗಾಗಿ ಔಷಧ, ಚಿಕಿತ್ಸೆಗಳ ವಿವರಕ್ಕೆ ಹೋಗುವುದಿಲ್ಲ. ಮೊದಲು ಇಂಥ ಮಕ್ಕಳನ್ನು ಗುರುತಿಸುವ ವಿಚಾರ ಹೇಳುತ್ತೇನೆ. ಅನಂತರ ತಪ್ಪನ್ನು ಯಾರ ತಲೆಗೆ ಕಟ್ಟುತ್ತೇವೆ ಎಂಬುದನ್ನು ನೋಡೋಣ. ಮೂರನೆಯದಾಗಿ ಮನೆಯೊಳಗೆ ಮತ್ತು ಊರೊಳಗೆ ಈ ಕೆಲಸ ಹೇಗೆ ಹಂಚಿಹೋಗಬೇಕು ಎಂಬ ವಿಷಯ. ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ. ಕೊನೆಗೆ ಶಾಲೆ, ಕಾನೂನು. ಈ ಎಲ್ಲದರ ಹಿಂದೆ ಇರುವ ನನ್ನ ವಾದ ಇಷ್ಟೇ: ಮಗುವನ್ನು ಒಪ್ಪಿಕೊಂಡಿದ್ದೇವೆ ಎಂದು ಬಾಯಲ್ಲಿ ಹೇಳುವ ಮನೆಗಳು ಬಹಳ. ಬೆಳಗಿನಿಂದ ರಾತ್ರಿಯವರೆಗೆ ಆ ಮಗುವಿನ ಹಿಂದೆ ಯಾರು ಯಾರು ಎಷ್ಟೆಷ್ಟು ಹೊತ್ತು ಇರುತ್ತಾರೆ ಎಂದು ಕೇಳಿದರೆ, ಒಪ್ಪಿಕೊಂಡದ್ದು ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಮನಸ್ಸಿನ ಬಗ್ಗೆ ಮಾತಾಡಲು ಶಿವಮೊಗ್ಗ ಹೊಸದಾಗಿ ಕಲಿಯಬೇಕಿಲ್ಲ. ಮನೋವೈದ್ಯರ ಹತ್ತಿರ ಹೋಗುವುದನ್ನು ಮುಚ್ಚಿಡುತ್ತಿದ್ದ ಕಾಲದಲ್ಲಿ ಡಾ. ಅಶೋಕ್ ಪೈ ಇಲ್ಲಿ ‘ಮಾನಸ’ ಆಸ್ಪತ್ರೆಯನ್ನು ಕಟ್ಟಿದರು. ಸುರೇಶ್ ಹೆಬ್ಳೀಕರ್ ಅವರೊಂದಿಗೆ ಕೈಜೋಡಿಸಿ ‘ಕಾಡಿನ ಬೆಂಕಿ’ಯಂಥ ಚಿತ್ರಗಳ ಮೂಲಕ ಮನಸ್ಸಿನ ಗಂಟುಗಳನ್ನು ಟಾಕೀಸಿನ ಪರದೆಗೇ ತಂದರು. 2016ರಲ್ಲಿ ಅವರು ತೀರಿಕೊಂಡರೂ ಆ ಕೆಲಸ ನಿಂತಿಲ್ಲ. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ನಮ್ಮ ಬಸ್ ನಿಲ್ದಾಣದ ಅಂಗಡಿಗಳವರೆಗೂ ಬಂದಿವೆ. ಖಿನ್ನತೆ, ಆತಂಕ ಎಂಬ ಮಾತುಗಳನ್ನು ಈಗ ನಾವು ಅಷ್ಟಾಗಿ ತಡವರಿಸದೆ ಆಡುತ್ತೇವೆ. ಮಕ್ಕಳ ಬೆಳವಣಿಗೆಯ ಭಿನ್ನತೆ ಮಾತ್ರ ಈ ಪರಿಚಯದೊಳಗೆ ಪೂರ್ತಿ ಸೇರಲಿಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆದವರು ಗುಣವಾಗಿ ಕೆಲಸಕ್ಕೆ ಮರಳುತ್ತಾರೆ. ಆಟಿಸಂ ಇರುವ ಮಗು ಆಟಿಸಂ ಇರುವ ಯುವಕನಾಗಿ, ಆಟಿಸಂ ಇರುವ ಮುದುಕನಾಗಿ ಬಾಳುತ್ತದೆ. ಅದರ ಮಿದುಳು ಬೆಳೆದ ದಾರಿಯೇ ಬೇರೆ. ಕಲಿಸಬಹುದು, ಕಷ್ಟ ಕಡಿಮೆ ಮಾಡಬಹುದು. ‘ಯಾವಾಗ ಸರಿಹೋಗ್ತಾನೆ ಡಾಕ್ಟ್ರೇ?’ ಎಂಬ ಪ್ರಶ್ನೆಗೆ ಮಾತ್ರ ದಿನಾಂಕದ ಉತ್ತರವಿಲ್ಲ.

ಈಗ ಗುರುತಿಸುವ ವಿಚಾರಕ್ಕೆ ಬರುತ್ತೇನೆ.

ನಮ್ಮ ಮನೆಗಳಲ್ಲಿ ಮಗುವಿಗೆ ಕೈತುತ್ತು ಕೊಡುವಾಗ ಅಂಗಳಕ್ಕೆ ಕರೆತಂದು ‘ಚಂದಮಾಮ ಎಲ್ಲಿ ತೋರ್ಸು’ ಎನ್ನುತ್ತೇವೆ. ಮಗು ಬೆರಳು ತೋರಿಸುತ್ತದೆ; ತೋರಿಸಿ, ನೀವು ನೋಡಿದಿರಾ ಎಂದು ತಿರುಗಿ ನಿಮ್ಮ ಮುಖ ನೋಡುತ್ತದೆ. ಈ ಎರಡನೆಯ ನೋಟವನ್ನು ಪರಿಣತರು ಬಹಳ ಮುಖ್ಯವೆಂದು ಪರಿಗಣಿಸುತ್ತಾರೆ. ಒಂದು ವಸ್ತುವಿನ ಕಡೆಗೆ ಇಬ್ಬರೂ ಒಟ್ಟಿಗೆ ಗಮನ ಕೊಡುವುದು ಮಾತಿಗಿಂತ ಮೊದಲು ಬರುವ ಕಲಿಕೆ. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು, ಬೆರಳು ಮಾಡಿ ತೋರಿಸದಿರುವುದು, ಒಂದೂಕಾಲು ವರ್ಷ ಕಳೆದರೂ ಒಂದೂ ಪದ ಬಾರದಿರುವುದು, ಎರಡು ವರ್ಷಕ್ಕೆ ಎರಡು ಪದ ಜೋಡಿಸಿ ತಾನಾಗಿ ಹೇಳದಿರುವುದು, ಬಂದ ಮಾತು ಹಿಂದಕ್ಕೆ ಹೋಗುವುದು: ಇಂಥದ್ದು ಕಂಡರೆ ಕಾಯಬಾರದು. ಇವುಗಳಲ್ಲಿ ಒಂದು ಕಂಡಿತೆಂದ ಮಾತ್ರಕ್ಕೆ ಆಟಿಸಂ ಎಂದಲ್ಲ. ಕಿವಿಯ ಪರೀಕ್ಷೆಯೂ ಆಗಬೇಕು. ಆದರೆ ತೋರಿಸಲೇಬೇಕು.

ನಾವು ಏನು ಮಾಡುತ್ತೇವೆ? ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತೇವೆ. ‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು’ ಎನ್ನುತ್ತೇವೆ. ‘ಗಂಡುಮಕ್ಕಳು ಹಾಗೇ’ ಎನ್ನುತ್ತೇವೆ. ಬಜೆಯ ಮೇಲೆ ನನಗೆ ಜಗಳವಿಲ್ಲ, ಅದರ ಜೊತೆ ಹೋಗುವ ಎರಡು ವರ್ಷದ ಮೇಲೆ ಜಗಳ. ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳೇ ಅವು.

ಇದು ಎಲ್ಲೋ ಒಂದು ಮನೆಯ ಕಥೆಯೂ ಅಲ್ಲ. ಪಲ್ವಲ್, ಕಾಂಗ್ಡಾ, ಢೇಂಕನಾಲ್, ಗೋವಾ, ಹೈದರಾಬಾದ್ ಹೀಗೆ ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸರಿಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ಬೆಳವಣಿಗೆಯ ಯಾವುದಾದರೊಂದು ತೊಂದರೆ ಇರುವುದು ಅದರಲ್ಲಿ ಕಂಡುಬಂತು. ಕಿವಿ ಕೇಳದಿರುವುದು, ಮೂರ್ಛೆ, ಕಲಿಕೆಯ ತೊಡಕು ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ. ನಲವತ್ತು ಮಕ್ಕಳ ಒಂದು ತರಗತಿಯನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು.

ಸರ್ಕಾರದ ವ್ಯವಸ್ಥೆ ಇಲ್ಲವೆಂದೂ ಹೇಳುವಂತಿಲ್ಲ. ತಾಯಿ ಕಾರ್ಡಿನಲ್ಲೇ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳಿವೆ. ಚುಚ್ಚುಮದ್ದಿನ ಪುಟ ಬಿಟ್ಟು ಉಳಿದದ್ದನ್ನು ನಾವು ಮಗುಚುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರಬೇಕು. ಅನುಮಾನ ಬಂದ ಮಕ್ಕಳನ್ನು ಜಿಲ್ಲಾ ಆಸ್ಪತ್ರೆಗೆ, ಅಂದರೆ ನಮ್ಮಲ್ಲಿ ಮೆಗ್ಗಾನ್‌ಗೆ, ಕಳಿಸಬೇಕು. ಇಲ್ಲೊಂದು ವಿಚಿತ್ರವಿದೆ. ಮೂರು ವರ್ಷಕ್ಕೇ ಮಗುವಿಗೆ ಟೈ ಕಟ್ಟಿ ಖಾಸಗಿ ನರ್ಸರಿಗೆ ಕಳಿಸುವ ಮನೆ ಈ ಬಲೆಯ ಹೊರಗೇ ಉಳಿದುಬಿಡುತ್ತದೆ. ಬೊಮ್ಮನಕಟ್ಟೆಯ ಅಂಗನವಾಡಿಯ ಮಗುವನ್ನು ನೋಡಲು ತಂಡ ಬರುತ್ತದೆ; ವಿನೋಬನಗರದ ಕಾನ್ವೆಂಟಿನ ಮಗುವನ್ನು ನೋಡಲು ಅದರ ಅಪ್ಪ ಅಮ್ಮನೇ ಮನಸ್ಸು ಮಾಡಬೇಕು. ಫೀಸು ಕಟ್ಟಿದ್ದೇವಲ್ಲ, ಏನಾದರೂ ಇದ್ದರೆ ಶಾಲೆಯವರೇ ಹೇಳುತ್ತಾರೆ ಎಂದು ಇವರು, ಹೇಳಿದರೆ ಅಡ್ಮಿಷನ್ ಹೋದೀತು ಎಂದು ಅವರು.

ಇನ್ನು ಎರಡನೆಯ ವಿಷಯ, ತಪ್ಪು ಯಾರದ್ದೆಂಬ ವಿಚಾರಣೆ. ಹೆಸರು ಗೊತ್ತಾದ ದಿನವೇ ಇದು ಶುರುವಾಗುತ್ತದೆ.

ವಿಜ್ಞಾನವೂ ಒಂದು ಕಾಲದಲ್ಲಿ ಈ ವಿಚಾರಣೆಯಲ್ಲಿ ನಾಚಿಕೆಗೆಟ್ಟ ಪಾತ್ರ ವಹಿಸಿತ್ತು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯ ಹನ್ನೊಂದು ಮಕ್ಕಳನ್ನು ವಿವರಿಸಿ ಆಟಿಸಂ ಎಂಬುದಕ್ಕೆ ರೂಪ ಕೊಟ್ಟ. ಇದು ಹುಟ್ಟಿನಿಂದ ಬಂದದ್ದು ಎಂದು ಹೇಳಿದವನೇ, ಈ ಮಕ್ಕಳ ತಂದೆ ತಾಯಿಗಳಲ್ಲಿ ಅಕ್ಕರೆ ಕಡಿಮೆ ಎಂಬ ಸುಳಿವನ್ನೂ ಬಿಟ್ಟ. ಆ ಸುಳಿವು ಬೆಳೆದು, ತಾಯಿಯ ತಣ್ಣಗಿನ ಮನಸ್ಸೇ ಮಗುವನ್ನು ಹೀಗೆ ಮಾಡಿತು ಎಂಬ ಸಿದ್ಧಾಂತವಾಯಿತು. ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಇದನ್ನು ಮುರಿದವರಲ್ಲಿ ಅಪ್ಪ ಅಮ್ಮಂದಿರೇ ಮುಂದಿದ್ದರು. ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞನ ಮಗನಿಗೆ ಆಟಿಸಂ ಇತ್ತು. ಕಾರಣ ದೇಹದಲ್ಲಿದೆ, ಸಾಕುವ ರೀತಿಯಲ್ಲಿಲ್ಲ ಎಂದು ಆತ 1964ರಲ್ಲೇ ವಾದಿಸಿದ್ದ. ಲಂಡನ್ನಿನ ಲೋರ್ನಾ ವಿಂಗ್ ಮನೋವೈದ್ಯೆ, ಜೊತೆಗೆ ಅಂಥ ಮಗಳ ತಾಯಿ. ಆಟಿಸಂಗೆ ಒಂದೇ ಮುಖವಿಲ್ಲ, ಅದೊಂದು ವಿಸ್ತಾರವಾದ ಹರವು ಎಂದು ತೋರಿಸಿಕೊಟ್ಟದ್ದು ಆಕೆಯ ಕೆಲಸ. 1977ರ ಅವಳಿ ಮಕ್ಕಳ ಅಧ್ಯಯನದ ನಂತರ ಅನುವಂಶೀಯತೆಯ ಪಾಲು ದೊಡ್ಡದೆಂಬುದು ಮತ್ತೆ ಮತ್ತೆ ದೃಢಪಟ್ಟಿದೆ. ಲಸಿಕೆಯಿಂದ ಬರುತ್ತದೆಂದು 1998ರಲ್ಲಿ ಹುಟ್ಟಿದ ಸುದ್ದಿಯ ಮೂಲ ಪ್ರಬಂಧವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ನಮ್ಮ ಊರಿನ ಬೆಟಲ್‌ಹೈಮರಿಗೆ ಪುಸ್ತಕ ಬರೆಯುವ ಅಗತ್ಯವಿಲ್ಲ. ‘ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದಳು’, ‘ಮೊಬೈಲ್ ಕೊಟ್ಟು ಕೂರಿಸಿದಳು’, ‘ಮಗು ಬಿಟ್ಟು ಬ್ಯಾಂಕಿಗೆ ಹೋದಳು’. ಮೂರು ವಾಕ್ಯ, ಮೂರಕ್ಕೂ ಒಬ್ಬಳೇ ಕರ್ತೃ. ಮೊಬೈಲು ಹೆಚ್ಚಾದರೆ ಯಾವ ಮಗುವಿಗೂ ಒಳ್ಳೆಯದಲ್ಲ, ನಿಜ. ಆಟಿಸಂ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ದೂಷಣೆಯ ನಷ್ಟ ಬರೀ ನೋವಿನಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ತಪ್ಪು ಯಾರದ್ದೋ ಪ್ರಾಯಶ್ಚಿತ್ತವೂ ಅವರದ್ದೇ ಎಂದು ಮನೆಯವರು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಳ್ಳುತ್ತಾರಲ್ಲ, ಅದು ದೊಡ್ಡ ನಷ್ಟ. ಆಮೇಲೆ ಥೆರಪಿಗೆ ಕರೆದೊಯ್ಯುವುದು, ರಾತ್ರಿ ಎಚ್ಚರವಿರುವುದು, ಕೆಲಸ ಬಿಡುವುದು ಎಲ್ಲವೂ ಅವಳ ಶಿಕ್ಷೆಯ ಭಾಗವಾಗಿಬಿಡುತ್ತವೆ.

ಇದರ ಇನ್ನೊಂದು ತುದಿಯನ್ನೂ ಹೇಳಬೇಕು. ಅದು ತಾಯಿಯನ್ನು ದೇವರು ಮಾಡುವುದು. 1990ರ ದಶಕದಲ್ಲಿ ಮೈಸೂರು ಬೆಂಗಳೂರುಗಳಲ್ಲಿ ಬೆಳೆದ ತೀತೊ ರಾಜರ್ಷಿ ಮುಖೋಪಾಧ್ಯಾಯ ಎಂಬ ಹುಡುಗನ ಸುದ್ದಿಯನ್ನು ಹಲವರು ಓದಿರಬಹುದು. ಮಾತು ಬಾರದ ಮಗನನ್ನು ತಾಯಿ ಸೋಮಾ ಹಗಲಿರುಳು ಬಿಡದೆ ಕಲಿಸಿದರು. ಅವನ ಬರಹಗಳು 2000ದಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವಾದವು, ಬಿಬಿಸಿ ಚಿತ್ರ ಮಾಡಿತು, ಆಮೇಲೆ ಅವರು ಅಮೆರಿಕಕ್ಕೆ ಹೋದರು. ಆಕೆಯ ಕಲಿಸುವ ಪದ್ಧತಿಗೆ ವೈಜ್ಞಾನಿಕ ಆಧಾರ ಸಾಲದೆಂದು ಅಲ್ಲಿನ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಚರ್ಚೆ ಹಾಗಿರಲಿ. ಆ ತಾಯಿಯ ಛಲಕ್ಕೆ ಕೈಮುಗಿದೇ ಒಂದು ಮಾತು ಹೇಳುತ್ತೇನೆ: ಈ ಕಥೆಯನ್ನು ಇನ್ನೊಬ್ಬ ತಾಯಿಯ ಮುಂದೆ ಉದಾಹರಣೆಯಾಗಿ ಹೇಳಬೇಡಿ. ‘ನೋಡು, ಅವಳು ಮಾಡಿದಳು’ ಎಂದರೆ ‘ನೀನು ಮಾಡಲಿಲ್ಲ’ ಎಂದೇ ಅವಳಿಗೆ ಕೇಳಿಸುತ್ತದೆ. ಮಹಾತಾಯಿ ಎಂದು ಶಾಲು ಹೊದಿಸುವವರು ಒಂದು ಭಾನುವಾರ ಮಗುವನ್ನು ನೋಡಿಕೊಂಡರೆ ಹೆಚ್ಚು ಉಪಕಾರ.

ಇಲ್ಲಿಂದ ಮೂರನೆಯ ವಿಷಯಕ್ಕೆ, ಮನೆಯೊಳಗಿನ ಹಂಚಿಕೆಗೆ, ದಾಟುತ್ತೇನೆ.

1993ರಲ್ಲಿ ಜಿಮ್ ಸಿಂಕ್ಲೇರ್ ಎಂಬ, ಸ್ವತಃ ಆಟಿಸಂ ಇದ್ದ ವ್ಯಕ್ತಿಯ ಮಾತುಗಳು ಪೋಷಕರನ್ನು ಬೆಚ್ಚಿಬೀಳಿಸಿದವು. ನೀವು ಅಳುತ್ತಿರುವುದು ನಮಗಾಗಿ ಅಲ್ಲ, ಬರಬೇಕಿದ್ದು ಬಾರದೇ ಹೋದ ನಿಮ್ಮ ಕಲ್ಪನೆಯ ಮಗುವಿಗಾಗಿ, ಆ ದುಃಖವನ್ನು ನಮ್ಮೆದುರು ಹರಡಬೇಡಿ ಎಂಬುದು ಅವುಗಳ ಸಾರ. ಗಟ್ಟಿ ಮಾತು, ಸತ್ಯದ ಮಾತು. ಆದರೆ ನಮ್ಮ ಮನೆಗಳಲ್ಲಿ ಆ ಕಲ್ಪನೆಯ ಮಗು ಇಬ್ಬರದ್ದೇ ಆಗಿರುವುದಿಲ್ಲ. ವಂಶಕ್ಕೊಬ್ಬ ಎಂದು ಅಜ್ಜ ಕಲ್ಪಿಸಿಕೊಂಡಿರುತ್ತಾರೆ, ಇಂಜಿನಿಯರ್ ಎಂದು ಮಾವ ತೀರ್ಮಾನಿಸಿರುತ್ತಾರೆ. ದುಃಖ ತಣಿಯಲು ಒಬ್ಬೊಬ್ಬರಿಗೆ ಒಂದೊಂದು ಕಾಲ ಬೇಕು. ತಾಯಿಗೆ ಅಷ್ಟು ಪುರುಸೊತ್ತು ಸಿಗುವುದೇ ಇಲ್ಲ, ಮಾರನೆಯ ಬೆಳಗ್ಗೆಯೇ ಮಗು ಅವಳ ಸೊಂಟದ ಮೇಲಿರುತ್ತದೆ. ಅಪ್ಪಂದಿರು ತಡಮಾಡುತ್ತಾರೆ. ಎಲ್ಲರೂ ಎಂದಲ್ಲ, ಈ ಸಭೆಯಲ್ಲೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿರುವ ಅಪ್ಪ ಒಬ್ಬರಿದ್ದಾರೆ. ಆದರೆ ‘ದುಡ್ಡು ನಾನು ತರುತ್ತೇನೆ, ಥೆರಪಿ ನೀನು ನೋಡಿಕೋ’ ಎಂಬ ಒಪ್ಪಂದ ಬಹಳ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಜಾರಿಯಲ್ಲಿದೆ.

ಹಿಂದೆ ಮಲೆನಾಡಿನಿಂದ ಇಂಥ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುತ್ತಿದ್ದರು. 1965ರಲ್ಲಿ ಅಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವತ್ತಿಗೂ ನಮ್ಮ ದೊಡ್ಡ ಆಸರೆ. ಮೈಸೂರು ರೈಲು ಹತ್ತಿದವರು ತಾಯಿ ಮತ್ತು ಮಗು. ತಿಂಗಳುಗಟ್ಟಲೆ ಬಾಡಿಗೆ ಕೋಣೆ ಹಿಡಿದವಳು ತಾಯಿ. ಈಗ ಶಿವಮೊಗ್ಗದಲ್ಲೇ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಸಿಗುತ್ತದೆ. ಭದ್ರಾವತಿಯವರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ದೂರ ಕಡಿಮೆಯಾಯಿತು, ಜೊತೆಗೆ ಹೋಗುವವರು ಬದಲಾಗಲಿಲ್ಲ. ಇದರ ಪರಿಣಾಮ ಮಗುವಿನ ಮೇಲೂ ಆಗುತ್ತದೆ. ಥೆರಪಿ ಕೊಠಡಿಯಲ್ಲಿ ಮಗು ಕೂರುವುದು ಒಂದು ಗಂಟೆ. ಅಲ್ಲಿ ಕಲಿತದ್ದು ಊಟದ ತಟ್ಟೆಯ ಮುಂದೆ, ಬಚ್ಚಲಿನಲ್ಲಿ, ಅಂಗಡಿಯಲ್ಲಿ ಬಳಕೆಗೆ ಬರದಿದ್ದರೆ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ‘ಕಾಮ್ ಡೀಲ್’ ಎಂಬ ಕಾರ್ಯಕ್ರಮವನ್ನು ಕಟ್ಟಿದ ಡಾ. ಪ್ರತಿಭಾ ಕಾರಂತರಂಥವರು ಚಿಕ್ಕ ವಯಸ್ಸಿನಲ್ಲೇ ಆರಂಭಿಸುವುದಕ್ಕೂ ಮನೆಯವರನ್ನು ಸೇರಿಸಿಕೊಳ್ಳುವುದಕ್ಕೂ ಒತ್ತು ಕೊಟ್ಟದ್ದು ಇದಕ್ಕೇ. ‘ನೀರು ಬೇಕು’ ಎಂದು ಚಿತ್ರ ತೋರಿಸಿ ಕೇಳಲು ಮಗು ಕಲಿತಿದೆ ಎಂದಿಟ್ಟುಕೊಳ್ಳಿ. ಅದು ಅಮ್ಮನಿಗೆ ಮಾತ್ರ ಅರ್ಥವಾದರೆ, ಅಮ್ಮ ಜ್ವರ ಬಂದು ಮಲಗಿದ ದಿನ ಆ ಮಗುವಿಗೆ ಭಾಷೆಯೇ ಇಲ್ಲ.

ಭಾಷೆಯ ಮಾತು ಬಂದದ್ದರಿಂದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಭದ್ರಾವತಿಯಂಥ ಊರಿನಲ್ಲಿ ಮನೆಯೊಳಗೆ ತಮಿಳು, ತೆಲುಗು ಅಥವಾ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಮಾತು ತಡವಾದ ಮಗುವಿಗೆ ‘ಒಂದೇ ಭಾಷೆ ಮಾತಾಡಿ, ಇಂಗ್ಲಿಷೇ ಆಗಲಿ’ ಎಂದು ಸಲಹೆ ಕೊಡುವವರು ಇನ್ನೂ ಇದ್ದಾರೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಕೆಡುಕಾಗುವುದಿಲ್ಲ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆ ಸಲಹೆಯಿಂದ ಆಗುವ ಅನಾಹುತವೇ ಬೇರೆ: ಇಂಗ್ಲಿಷ್ ಬಾರದ ಅಜ್ಜಿ ಮೊಮ್ಮಗನ ಮುಂದೆ ಮೂಕಿಯಾಗುತ್ತಾರೆ. ಇಡೀ ದಿನ ಮನೆಯಲ್ಲಿರುವ, ತಾಳ್ಮೆಯಿರುವ, ನೂರು ಸಲ ಒಂದೇ ಹಾಡು ಹೇಳಲು ಬೇಸರಿಸದ ಒಬ್ಬರೇ ಒಬ್ಬರನ್ನು ನಾವೇ ಕೆಲಸದಿಂದ ತೆಗೆದುಹಾಕಿದಂತಾಯಿತು.

ಹಂಚಿಕೊಳ್ಳುವುದೆಂದರೆ ದೊಡ್ಡ ತ್ಯಾಗಗಳೇ ಆಗಬೇಕಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಕಿರುಚುವ ಮಗುವಿಗೆ ಹಠವೂ ಇಲ್ಲ, ಕೊಬ್ಬೂ ಇಲ್ಲ. ಆ ಶಬ್ದ ಅದಕ್ಕೆ ನಮಗಿಂತ ಎಷ್ಟೋ ಪಾಲು ಹೆಚ್ಚು. ಒಲೆ ಹಚ್ಚುವ ಮುನ್ನ ‘ಈಗ ಕೂಗುತ್ತೆ’ ಎಂದು ಹೇಳುವುದನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಬಿಳಿ ಅನ್ನ, ಮೊಸರು ಬಿಟ್ಟು ಬೇರೇನೂ ಮುಟ್ಟದ ಮಗುವಿಗೆ ‘ಒಂದು ದಿನ ಉಪವಾಸ ಹಾಕಿ, ತಾನೇ ತಿಂತಾನೆ’ ಎನ್ನದಿರುವುದು ಅತ್ತೆಯವರ ಪಾಲಿನ ಕೆಲಸ. ಮದುವೆಗೋ, ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಗೋ ಹೊರಟಾಗ, ಮಗುವಿಗೆ ಸಾಕಾಯಿತೆಂದರೆ ಅದನ್ನು ಕರೆದುಕೊಂಡು ಮನೆಗೆ ಮರಳುವವರು ಯಾರು ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗಿರಬೇಕು. ಪ್ರತಿ ಸಲವೂ ತಾಯಿಯೇ ಆಗಕೂಡದು. ಅಣ್ಣನೋ ತಂಗಿಯೋ ಇದ್ದರೆ ಅವರನ್ನು ಎಳವೆಯಲ್ಲೇ ಎರಡನೆಯ ತಾಯಿಯನ್ನಾಗಿ ಮಾಡಬೇಡಿ. ವಾರದಲ್ಲಿ ಒಂದು ಸಂಜೆ ಅಪ್ಪನೋ ಅಮ್ಮನೋ ಅವರ ಪಾಲಿಗೆ ಮಾತ್ರ ಸಿಗಬೇಕು.

ಮನೆಯಿಂದ ಊರಿಗೆ ಬರೋಣ. ನನಗೆ ಭದ್ರಾವತಿ ಯಾವಾಗಲೂ ಈ ವಿಷಯದಲ್ಲಿ ಯೋಚನೆಗೆ ಹಚ್ಚುವ ಊರು. 1923ರಲ್ಲಿ ಕಬ್ಬಿಣ ಹರಿಯತೊಡಗಿದ ಕಾರ್ಖಾನೆ, 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಅವುಗಳ ಸುತ್ತ ಕ್ವಾರ್ಟರ್ಸುಗಳು, ಕಂಪನಿ ಆಸ್ಪತ್ರೆಗಳು. ಸೈರನ್ನಿಗೆ ಊರು ಏಳುತ್ತಿತ್ತು, ಸೈರನ್ನಿಗೆ ಶಿಫ್ಟು ಬದಲಾಗುತ್ತಿತ್ತು. ಮುಂದೇನು ಎಂಬುದು ಮೊದಲೇ ತಿಳಿದಿದ್ದರೆ ಆಟಿಸಂ ಇರುವ ಮಗುವಿನ ಅರ್ಧ ಗಾಬರಿ ಇಳಿಯುತ್ತದೆ. ವಿಶೇಷ ಶಿಕ್ಷಕರು ಗೋಡೆಗೆ ಚಿತ್ರದ ವೇಳಾಪಟ್ಟಿ ಅಂಟಿಸುವುದು ಅದಕ್ಕೇ. ಒಂದೇ ಥರದ ಮನೆಗಳು, ದಶಕಗಳಿಂದ ಬದಲಾಗದ ನೆರೆಹೊರೆ, ರಾತ್ರಿಪಾಳಿ ಮುಗಿಸಿ ಹಗಲಿನಲ್ಲಿ ಮನೆಯಲ್ಲಿರುವ ಅಪ್ಪಂದಿರು. ಯಾರೂ ಯೋಜಿಸದಿದ್ದರೂ ಇವೆಲ್ಲ ಇಂಥ ಮಕ್ಕಳಿಗೆ ಅನುಕೂಲವಾಗಿಯೇ ಇದ್ದಿರಬೇಕು ಎಂಬುದು ನನ್ನ ಊಹೆ. ಹೀಗೆಂದು ಆ ಕಾಲವನ್ನು ಹೊಗಳಲು ಹೊರಟಿಲ್ಲ. ಅದೇ ಸಾಲುಮನೆಗಳ ಹಿಂದಿನ ಕೋಣೆಯಲ್ಲಿ ಹೆಸರಿಲ್ಲದೆ ಕೂಡಿಟ್ಟ ಮಕ್ಕಳೂ ಇದ್ದರು, ಅವರನ್ನು ಬೀದಿ ಕರೆಯುತ್ತಿದ್ದ ಹೆಸರುಗಳನ್ನು ನಾನಿಲ್ಲಿ ಹೇಳಲಾರೆ.

ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಆಸುಪಾಸಿನಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಆಮೇಲೆ ಒಂದಿಷ್ಟು ಕೆಲಸ ಮತ್ತೆ ಶುರುವಾದರೂ ಹಿಂದಿನ ಊರು ಮರಳಿಲ್ಲ. ಅಪ್ಪ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಹಿಡಿದು, ತಾಯಿ ಮಗು ಇಲ್ಲಿ ಉಳಿದ ಮನೆಗಳಿವೆ. ಕಾರ್ಖಾನೆ ಮುಚ್ಚಿದಾಗ ನಾವು ನೌಕರಿಯ ಲೆಕ್ಕ ಹಾಕಿದೆವು. ಕೈಬದಲಿಗೆ ಇನ್ನೊಬ್ಬರಿಲ್ಲದಂತಾದ ತಾಯಂದಿರ ಲೆಕ್ಕ ಯಾರ ಕಡತದಲ್ಲೂ ಇಲ್ಲ.

ಊರೊಂದು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾನರನ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನ ಕಥೆ ಇದೆ. ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ, ಕೆಲವೇ ಸಾವಿರ ಜನರ ಊರಿನವನು. 1937ರಲ್ಲಿ, ಇನ್ನೂ ನಾಲ್ಕು ತುಂಬದ ಮಗುವನ್ನು ವೈದ್ಯರ ಮಾತು ಕೇಳಿ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದರು. ಒಂದು ವರ್ಷದ ಮೇಲೆ, ಅಲ್ಲಿಯವರು ಬೇಡವೆಂದರೂ ಕೇಳದೆ ಅಪ್ಪ ಅಮ್ಮ ಮನೆಗೆ ಕರೆತಂದರು. ಮುಂದೆ ಕೆಲವು ವರ್ಷ ಅವನು ಹತ್ತಿರದ ರೈತ ದಂಪತಿಯ ಮನೆಯಲ್ಲಿದ್ದ. ಎಣಿಸುವ ಗೀಳಿದ್ದ ಹುಡುಗನಿಗೆ ಆ ರೈತ ‘ಎಣಿಸಬೇಡ’ ಎನ್ನಲಿಲ್ಲ. ಜೋಳದ ಸಾಲು ಎಣಿಸು ಎಂದ, ಉಳುತ್ತಾ ಎಣಿಸು ಎಂದ. ಅಳೆಯುವ ಹುಚ್ಚಿಗೆ ಬಾವಿಯ ಆಳ ಅಳೆಯಲು ಕೊಟ್ಟ. ಇದನ್ನು ಕಂಡು ಕ್ಯಾನರನೇ ಮೆಚ್ಚಿ ಬರೆದಿದ್ದಾನೆ. ಡೊನಾಲ್ಡ್ ಪದವಿ ಪಡೆದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, ಒಬ್ಬನೇ ದೇಶ ಸುತ್ತಿದ, 2023ರಲ್ಲಿ ಎಂಬತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡ. ಅವನನ್ನು ಹುಡುಕಿಕೊಂಡು ಬಂದ ಪತ್ರಕರ್ತರಿಗೆ, ಡಾನ್‌ಗೆ ನೋವಾದರೆ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದು ಊರವರು ಎಚ್ಚರಿಕೆ ಕೊಟ್ಟರಂತೆ. ಆ ಬ್ಯಾಂಕು ತಾಯಿಯ ಮನೆತನದ್ದೇ ಆಗಿತ್ತು ಎಂಬುದನ್ನು ಮರೆಮಾಚಬಾರದು. ಹಣವಂತರ ಮಗನ ವಿಚಿತ್ರವನ್ನು ಊರು ಬೇಗ ಸಹಿಸುತ್ತದೆ. ಆದರೆ ಆ ರೈತನ ಉಪಾಯಕ್ಕೆ ಹಣ ಬೇಕಿರಲಿಲ್ಲ. ರೈಲಿನ ನಂಬರು, ವೇಳೆ ಎಲ್ಲ ಬಾಯಿಪಾಠವಿರುವ ಹುಡುಗರು ನಮ್ಮಲ್ಲೂ ಇದ್ದಾರೆ. ಅವರಿಗೆ ಕೊಡಬಹುದಾದ ಕೆಲಸ ಏನೆಂದು ವರ್ತಕರ ಸಂಘದಲ್ಲಿ ಒಂದು ಸಂಜೆ ಕೂತು ಯೋಚಿಸಿದರೂ ಸಾಕು.

ಕೊನೆಯದಾಗಿ ಶಾಲೆ, ಕಾನೂನು. ಇಲ್ಲಿ ಸ್ವಲ್ಪ ವೇಗವಾಗಿ ಹೋಗುತ್ತೇನೆ.

ಡಿಸ್ಲೆಕ್ಸಿಯಾ ಎಂಬ ಓದುವ ತೊಡಕಿನ ಬಗ್ಗೆ ಕನ್ನಡ ಶಿಕ್ಷಕರು ಒಂದು ವಿಷಯ ಗಮನಿಸಬೇಕು. ಕನ್ನಡ ಬರೆದಂತೆ ಓದುವ ಭಾಷೆ, ನಿಜ. ಆದರೆ ಮಗು ಕಲಿಯಬೇಕಾದ ಚಿಹ್ನೆಗಳು ಇಂಗ್ಲಿಷಿನಂತೆ ಇಪ್ಪತ್ತಾರಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು. ಅಕ್ಷರಜ್ಞಾನ ಗಟ್ಟಿಯಾಗಲು ಕನ್ನಡದ ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಕಾಲ ಹಿಡಿಯುತ್ತದೆ ಎಂದು ಬೆಂಗಳೂರಿನ ಸೋನಾಲಿ ನಾಗ್ ಅವರ ಸಂಶೋಧನೆ ತೋರಿಸಿದೆ. ಆದ್ದರಿಂದ ಎರಡನೇ ಕ್ಲಾಸಿನ ಮಗುವಿನ ಒತ್ತಕ್ಷರ ತಪ್ಪಿಗೆ ಗಾಬರಿ ಬೇಡ. ಐದನೇ ಕ್ಲಾಸಿಗೂ ಅದೇ ತಪ್ಪು, ಬಾಯಲ್ಲಿ ಕೇಳಿದರೆ ಎಲ್ಲ ಉತ್ತರ ಸರಿ ಎಂದಾದರೆ, ಸೋಮಾರಿ ಎನ್ನುವ ಮೊದಲು ಪರೀಕ್ಷೆ ಮಾಡಿಸಿ. ಎಸ್‌ಎಸ್‌ಎಲ್‌ಸಿಯಲ್ಲಿ ಅಂಥ ಮಕ್ಕಳಿಗೆ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು, ಭಾಷಾ ವಿನಾಯಿತಿ ಪಡೆಯಲು ಅವಕಾಶವಿದೆ. ಪ್ರಮಾಣಪತ್ರಕ್ಕೆ ಓಡಾಟ ಒಂಬತ್ತನೇ ತರಗತಿಯಲ್ಲೇ ಶುರುವಾಗಬೇಕು, ಪರೀಕ್ಷೆಗೆ ಒಂದು ತಿಂಗಳಿರುವಾಗಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆ 21ನ್ನು ಗುರುತಿಸಿತು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿವೆ. ಎಡಿಎಚ್‌ಡಿ ಹೆಸರು ಹಿಡಿದು ಸೇರಿಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ, ತಾವು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಮಗುವಿನ ಹಕ್ಕು. ಪ್ರತಿ ತಾಲ್ಲೂಕಿನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಬಿಐಇಆರ್‌ಟಿಗಳು, ಇರಬೇಕು. ‘ಟೀಸಿ ತಗೊಂಡು ಬೇರೆ ಕಡೆ ನೋಡಿ’ ಎಂದು ಹೇಳುವ ಅಧಿಕಾರ ಯಾವ ಹೆಡ್‌ಮಾಸ್ತರಿಗೂ ಇಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಲು ಹಿಂಜರಿಯುವ ಮನೆಗಳಿವೆ. ‘ಕಾರ್ಡು ಮಾಡಿಸಿದರೆ ಮೊಹರು ಹೊಡೆದಂತೆ’ ಎನ್ನುತ್ತಾರೆ. ಮೊಹರನ್ನು ಬೀದಿ ಆಗಲೇ ಹೊಡೆದಾಗಿದೆ. ಅದರ ಬದಲಿಗೆ ಸಿಗಬೇಕಾದ್ದನ್ನು ಬಿಟ್ಟುಕೊಡುವುದೇಕೆ?

ಇನ್ನೊಂದೇ ವಿಷಯವಿದೆ. ಪೋಷಕರ ಸಭೆಗಳಲ್ಲಿ ಎಲ್ಲರೂ ಎದ್ದು ಹೋಗುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ: ‘ನಾವು ಹೋದಮೇಲೆ?’ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಅದು ಅನ್ವಯ. ಅದರ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ, ಥೆರಪಿಯ ಖರ್ಚಿಗೂ ಒಂದು ಪಾಲು ಸಿಗುತ್ತದೆ. ಮಗುವಿಗೆ 18 ತುಂಬಿದ ದಿನ ಅಪ್ಪ ಅಮ್ಮನ ಸಹಜ ಪಾಲಕತ್ವ ಕಾನೂನಿನ ಕಣ್ಣಿಗೆ ಮುಗಿಯುತ್ತದೆ. ಬ್ಯಾಂಕಿನಲ್ಲಿ, ನೋಂದಣಿ ಕಚೇರಿಯಲ್ಲಿ ತೊಡಕು ಶುರುವಾಗುವುದು ಆಗಲೇ. ಮಗ ಅಥವಾ ಮಗಳಿಗೆ ಪಾಲಕರ ಅಗತ್ಯವಿದ್ದರೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪಾಲಕರ ನೇಮಕ ಮಾಡಿಸಿಕೊಳ್ಳಬಹುದು. ತಂದೆ ತಾಯಿಯೇ ಪಾಲಕರಾಗಬಹುದು, ಬಂಧುಗಳೂ ಆಗಬಹುದು. ಆ ಅರ್ಜಿಯಲ್ಲಿ ಒಂದು ಹೆಸರು ಬರೆಯಬೇಕಾಗುತ್ತದೆ. ಚಿಕ್ಕಪ್ಪಂದಿರೇ, ಸೋದರಮಾವಂದಿರೇ, ಅತ್ತಿಗೆಯರೇ, ಆ ಹೆಸರು ನಿಮ್ಮದಾಗಬಹುದೇ ಎಂದು ಕೇಳಲು ನಿಮ್ಮ ಮನೆಯಲ್ಲಿ ಯಾರೋ ಬಹಳ ದಿನದಿಂದ ಹಿಂಜರಿಯುತ್ತಿರಬಹುದು. ಅವರಿಗಿಂತ ಮೊದಲು ನೀವೇ ಕೇಳಿ.

 ಪ್ರಶ್ನೆಗಳಿದ್ದರೆ ಉತ್ತರಿಸುತ್ತೇನೆ, ಮಕ್ಕಳನ್ನು ಕರೆತಂದವರು ಮೊದಲು ಕೇಳಲಿ, ಅವರಿಗೆ ಬೇಗ ಹೊರಡಬೇಕಾದೀತು.